ಪಶ್ಚಿಮ ಎಂಬ ಹೆಸರಿನ ತೀರ

ಯುರೋಪಿನ ಭೂಪಟದ ಎಡ ಅಂಚಿನಲ್ಲಿ, ಕೆಳಗಿನ ಮೂಲೆಯಲ್ಲಿ ಪೋರ್ಚುಗಲ್ ಇದೆ. ಆ ದೇಶದ ದಕ್ಷಿಣ ತುದಿಯಲ್ಲಿ, ಪೂರ್ವದ ಗ್ವಾದಿಯಾನಾ ನದಿಯಿಂದ ಪಶ್ಚಿಮದ ಸೇಂಟ್ ವಿನ್ಸೆಂಟ್ ಭೂಶಿರದವರೆಗೆ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಹಾಸಿಕೊಂಡಿರುವ ನಾಡಿನ ಹೆಸರು ಅಲ್ಗಾರ್ವೆ. ವರ್ಷದಲ್ಲಿ 300 ದಿನ ಬಿಸಿಲು, ಹಳದಿ ಕೆಂಪು ಬಣ್ಣದ ಬಂಡೆಗಳು, ಅವುಗಳ ಬುಡದಲ್ಲಿ ನೀಲಿ ಸಮುದ್ರ. ಚಳಿಗಾಲದಲ್ಲಿ ಸೂರ್ಯನ ಮುಖವನ್ನೇ ಕಾಣದ ಇಂಗ್ಲೆಂಡ್, ಜರ್ಮನಿಗಳ ಜನರು ವಿಮಾನ ತುಂಬಿ ಬಂದು ಇಳಿಯುವ ಜಾಗ ಇದು. ಪ್ರವಾಸಿ ಕಂಪನಿಗಳ ಕ್ಯಾಲೆಂಡರುಗಳಲ್ಲಿ ಇದರ ಚಿತ್ರ ನೋಡಿದವರಿಗೆ, ಇಲ್ಲಿ ಬಿಸಿಲು ಮತ್ತು ಮರಳಿನ ಹೊರತು ಬೇರೇನೂ ಇರಲಾರದು ಅನ್ನಿಸಿದರೆ ಅದು ಅವರ ತಪ್ಪಲ್ಲ.

ಆದರೆ ಹೆಸರೇ ಬೇರೆ ಕಥೆ ಹೇಳುತ್ತದೆ. ಅಲ್ಗಾರ್ವೆ ಎಂಬುದು ಪೋರ್ಚುಗೀಸ್ ಪದವಲ್ಲ. ಅರಬ್ಬಿಯ ‘ಅಲ್ ಘರ್ಬ್’ ಅದರ ಮೂಲ. ಹಾಗೆಂದರೆ ಪಶ್ಚಿಮ. ಡಮಾಸ್ಕಸ್, ಬಾಗ್ದಾದುಗಳಿಂದ ನೋಡುವವರಿಗೆ ಸೂರ್ಯ ಮುಳುಗುವ ದಿಕ್ಕಿನ ಕಟ್ಟಕಡೆಯ ನೆಲ ಇದು. ತನ್ನ ನೆಲದ ಒಂದು ಭಾಗವನ್ನು ಇಂದಿಗೂ ಸೋತವರು ಇಟ್ಟ ಹೆಸರಿನಿಂದಲೇ ಕರೆಯುವ ಪೋರ್ಚುಗಲ್, ಅದನ್ನು ಬಹುಕಾಲ ಪೂರ್ತಿ ತನ್ನದೆಂದು ಭಾವಿಸಲೂ ಇಲ್ಲ. 1910ರಲ್ಲಿ ರಾಜಪ್ರಭುತ್ವ ಕೊನೆಗೊಳ್ಳುವವರೆಗೂ ಅಲ್ಲಿನ ದೊರೆಗಳ ಬಿರುದು ‘ಪೋರ್ಚುಗಲ್ ಮತ್ತು ಅಲ್ಗಾರ್ವೆಗಳ ರಾಜ’ ಎಂದೇ ಇತ್ತು. ಪ್ರತ್ಯೇಕ ರಾಜ್ಯ ಇದ್ದದ್ದು ಹೆಸರಿಗಷ್ಟೇ.

ಘಟ್ಟ ಮತ್ತು ಕಡಲಿನ ನಡುವೆ

ನಮ್ಮ ಕರಾವಳಿಯನ್ನು ಬಲ್ಲವರಿಗೆ ಈ ನಾಡಿನ ರಚನೆ ಬೇಗ ಅರ್ಥವಾಗುತ್ತದೆ. ಒಂದು ಕಡೆ ಬೆಟ್ಟಸಾಲು, ಇನ್ನೊಂದು ಕಡೆ ಕಡಲು, ನಡುವೆ ಕಿರಿದಾದ ಊರುಕೇರಿ. ಆದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ನಮ್ಮ ಘಟ್ಟಗಳು ಮೋಡಗಳನ್ನು ತಡೆದು ಮಂಗಳೂರು, ಉಡುಪಿಗಳಿಗೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಸುತ್ತವೆ. ಅಲ್ಗಾರ್ವೆಯ ಬೆಟ್ಟಗಳು ತಡೆಯುವುದು ಉತ್ತರದ ಚಳಿಗಾಳಿಯನ್ನು. ಮಳೆ ಬರುವುದು ಚಳಿಗಾಲದಲ್ಲಿ, ಅದೂ ಫಾರೊ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್, ನಮ್ಮ ಚಿತ್ರದುರ್ಗ, ಬಳ್ಳಾರಿಗಳ ಲೆಕ್ಕ. ಬೇಸಿಗೆಯ ನಾಲ್ಕು ತಿಂಗಳು ಹೆಚ್ಚುಕಡಿಮೆ ಒಂದು ಹನಿಯೂ ಇಲ್ಲ. ಕರಾವಳಿಯ ನೋಟ, ಬಯಲುಸೀಮೆಯ ಬಾಯಾರಿಕೆ. ಈ ನಾಡಿನ ಇತಿಹಾಸದಲ್ಲಿ ನೀರಿನ ಮಾತು ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ.

ಸ್ಥಳೀಯರು ನೆಲವನ್ನು ಮೂರು ಪಟ್ಟಿಗಳಾಗಿ ನೋಡುತ್ತಾರೆ. ಮೇಲಿನದು ‘ಸೆರ್ರಾ’, ಬೆಟ್ಟದ ಸೀಮೆ. ಅಲ್ಲಿನ ಅತಿ ಎತ್ತರದ ಶಿಖರ ಫೋಯಾ, 902 ಮೀಟರ್. ಕಾರ್ಕ್ ಓಕ್ ಮರಗಳು ಇರುವುದು ಇಲ್ಲಿ. ಸೀಸೆಗಳ ಬಾಯಿಗೆ ತುರುಕುವ ಬಿರಡೆ ಈ ಮರದ ತೊಗಟೆ. ಒಮ್ಮೆ ಸುಲಿದ ಮರವನ್ನು ಮತ್ತೆ ಮುಟ್ಟಬೇಕಾದರೆ ಒಂಬತ್ತು ವರ್ಷ ಕಾಯಬೇಕು. ಲೆಕ್ಕ ತಪ್ಪದಿರಲೆಂದು ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ನೆಟ್ಟವನು ತನ್ನ ಮರದಿಂದ ಒಳ್ಳೆಯ ಬಿರಡೆ ಕಾಣುವುದು ಅಪರೂಪ, ಆ ಭಾಗ್ಯ ಮಗನಿಗೆ ಅಥವಾ ಮೊಮ್ಮಗನಿಗೆ.

ನಡುವಿನ ಪಟ್ಟಿ ‘ಬರ್ರೊಕಾಲ್’, ಸುಣ್ಣಕಲ್ಲಿನ ನೆಲ. ಅಂಜೂರ, ಬಾದಾಮಿ, ಆಲಿವ್ ಮತ್ತು ಕ್ಯಾರಬ್ ಎಂಬ ಮರ ಇಲ್ಲಿನ ಹಳೆಯ ಬೆಳೆಗಳು. ನಾಲ್ಕೂ ನೀರು ಕೇಳದ ಮರಗಳೆಂಬುದನ್ನು ಗಮನಿಸಬೇಕು. ಕ್ಯಾರಬ್ ನಮ್ಮ ಹುಣಸೆಯ ಹಾಗೆ ಕಂದು ಕೋಡು ಬಿಡುತ್ತದೆ. ಅದರ ಬೀಜಗಳನ್ನು ಹಿಂದೆ ಮೆಡಿಟರೇನಿಯನ್ ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದರು. ಗ್ರೀಕಿನಲ್ಲಿ ಅದಕ್ಕಿದ್ದ ಹೆಸರೇ ಅರಬ್ಬಿಯ ಮೂಲಕ ಹಾದು ಇಂದು ನಾವು ವಜ್ರ, ಬಂಗಾರಗಳಿಗೆ ಹೇಳುವ ‘ಕ್ಯಾರಟ್’ ಆಗಿದೆ. ನಮ್ಮ ಅಕ್ಕಸಾಲಿಗರ ಗುಲಗಂಜಿಗೆ ಇದನ್ನು ದೂರದ ದಾಯಾದಿ ಎನ್ನಬಹುದು.

ಮೂರನೆಯದು ಕಡಲಂಚು. ಇದು ಕೂಡ ಒಂದೇ ರೀತಿಯದಲ್ಲ. ಪಶ್ಚಿಮದ ಅರ್ಧದಲ್ಲಿ ಅಲೆಗಳು ಕೊರೆದ ಕಡಿದಾದ ಬಂಡೆಗಳು, ಗುಹೆಗಳು, ಕಲ್ಲಿನ ಕಮಾನುಗಳು. ಪೂರ್ವದಲ್ಲಿ ಫಾರೊದಿಂದ ತವೀರಾ ದಾಟಿ ಮರಳಿನ ದ್ವೀಪಗಳ ಸಾಲು, ಅದರ ಹಿಂದೆ ‘ರಿಯಾ ಫೊರ್ಮೋಸಾ’ ಎಂಬ ಹಿನ್ನೀರು. 1987ರಿಂದ ಇದು ಸಂರಕ್ಷಿತ ಪ್ರದೇಶ. ಉಪ್ಪಿನ ಪಾತಿಗಳು, ವಲಸೆ ಹಕ್ಕಿಗಳು, ಇಳಿತದ ಹೊತ್ತಿಗೆ ಕೆಸರಿನಲ್ಲಿ ಮರುವಾಯಿ ಹೆಕ್ಕುವ ಹೆಂಗಸರು. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ನಿಂತು ಚಿಪ್ಪು ಹೆಕ್ಕುವವರನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ.

ಕವಿ ದೊರೆಯ ಸಿಲ್ವೆಸ್

ಫಿನೀಷಿಯನ್ನರು, ರೋಮನ್ನರು ಈ ತೀರಕ್ಕೆ ಬಂದು ಹೋದರು. ರೋಮನ್ನರು ಇಲ್ಲಿ ಮೀನು ಉಪ್ಪು ಹಾಕಿ ಸಾಮ್ರಾಜ್ಯದ ಮೂಲೆಮೂಲೆಗೆ ಕಳಿಸುತ್ತಿದ್ದರು. ಆದರೆ ಅಲ್ಗಾರ್ವೆಯನ್ನು ರೂಪಿಸಿದ್ದು 8ನೇ ಶತಮಾನದಲ್ಲಿ ಉತ್ತರ ಆಫ್ರಿಕಾದಿಂದ ಬಂದ ಅರಬರು ಮತ್ತು ಬರ್ಬರರು. ಐದು ಶತಮಾನಗಳಿಗೂ ಮಿಕ್ಕಿ ಅವರ ಆಡಳಿತ ನಡೆಯಿತು. ಅವರ ರಾಜಧಾನಿ ಸಮುದ್ರ ತೀರದಲ್ಲಿರಲಿಲ್ಲ. ಅರಾದ್ ನದಿಯಲ್ಲಿ ದೋಣಿಗಳು ಹತ್ತಿ ಬರುತ್ತಿದ್ದ ಒಳನಾಡಿನ ಸಿಲ್ವೆಸ್ ಅವರ ನಗರ. ಕೆಂಪು ಮರಳುಗಲ್ಲಿನ ಅದರ ಕೋಟೆ ಇಂದಿಗೂ ಊರಿನ ತಲೆಯ ಮೇಲೆ ಕುಳಿತಿದೆ.

11ನೇ ಶತಮಾನದಲ್ಲಿ ಈ ಊರಿಗೆ ಅಧಿಕಾರಿಯಾಗಿ ಬಂದವನು ಸೆವಿಲ್ಲೆಯ ಅರಸನ ಮಗ, ಇನ್ನೂ ಮೀಸೆ ಮೂಡದ ಹುಡುಗ ಅಲ್ ಮುತಮಿದ್. ಸಿಲ್ವೆಸ್ ಸಮೀಪದ ಬಡ ಮನೆತನದಲ್ಲಿ ಹುಟ್ಟಿದ ಕವಿ ಇಬ್ನ್ ಅಮ್ಮಾರ್ ಅವನ ಗೆಳೆಯನಾದ. ಇಬ್ಬರೂ ಕೂಡಿ ಪದ್ಯ ಕಟ್ಟಿದರು, ಕುಡಿದರು, ಕುಣಿದರು. ಮಗ ಕೆಟ್ಟನೆಂದು ತಂದೆ ಇಬ್ನ್ ಅಮ್ಮಾರನನ್ನು ಗಡೀಪಾರು ಮಾಡಿದ. 1069ರಲ್ಲಿ ತಂದೆ ಸತ್ತು ಪಟ್ಟಕ್ಕೆ ಬಂದೊಡನೆ ಮುತಮಿದ್ ಗೆಳೆಯನನ್ನು ಕರೆಸಿಕೊಂಡು ಸಿಲ್ವೆಸ್ ಕೊಟ್ಟ, ಆಮೇಲೆ ಮಂತ್ರಿ ಮಾಡಿದ. ಅಧಿಕಾರದ ರುಚಿ ಹತ್ತಿದ ಕವಿ ಮುರ್ಸಿಯಾದಲ್ಲಿ ತಾನೇ ದೊರೆಯಂತೆ ಮೆರೆಯತೊಡಗಿದ. ಸಾಲದ್ದಕ್ಕೆ ರಾಜನನ್ನೂ ಅವನ ರಾಣಿಯನ್ನೂ ಹಂಗಿಸಿ ಪದ್ಯ ಬರೆದ. ಸೆರೆಸಿಕ್ಕ ಅವನನ್ನು ಮುತಮಿದ್ ತನ್ನ ಕೈಯಾರೆ ಕೊಂದನೆಂದು ಇತಿಹಾಸಕಾರರು ಬರೆದಿದ್ದಾರೆ. ರಾಜನ ಗತಿಯೂ ನೆಟ್ಟಗಾಗಲಿಲ್ಲ. 1091ರಲ್ಲಿ ಮೊರಾಕ್ಕೊದ ಅಲ್ಮೊರಾವಿದರು ಅವನ ರಾಜ್ಯ ಕಿತ್ತುಕೊಂಡರು. ಅಟ್ಲಾಸ್ ಬೆಟ್ಟಗಳ ಬುಡದ ಅಗ್ಮಾತ್ ಎಂಬಲ್ಲಿ ಸೆರೆಯಾಳಾಗಿ 1095ರಲ್ಲಿ ಸತ್ತ. ಅರಬ್ಬಿ ಸಾಹಿತ್ಯದಲ್ಲಿ ಅವನಿಗೆ ಸ್ಥಾನ ಕೊಟ್ಟದ್ದು ಅರಮನೆಯ ಪದ್ಯಗಳಷ್ಟೇ ಅಲ್ಲ, ಸೆರೆಮನೆಯ ಪದ್ಯಗಳೂ ಹೌದು.

ಅಲ್ಗಾರ್ವೆಗೆ ಹೋದ ಪ್ರವಾಸಿಗೆ ತಪ್ಪದೆ ಹೇಳುವ ಕಥೆಯೊಂದಿದೆ. ಉತ್ತರ ದೇಶದ ರಾಜಕುಮಾರಿಯೊಬ್ಬಳನ್ನು ಮೂರಿಶ್ ದೊರೆ ಮದುವೆಯಾದ. ಹಿಮ ಕಾಣದೆ ಅವಳು ಕೊರಗಿದಳು. ದೊರೆ ಬೆಟ್ಟದ ತುಂಬ ಬಾದಾಮಿ ಗಿಡ ನೆಡಿಸಿದ. ಫೆಬ್ರವರಿಯಲ್ಲಿ ಅವು ಹೂಬಿಟ್ಟಾಗ ಹಿಮ ಬಿದ್ದಂತೆ ಕಂಡಿತು, ರಾಣಿ ಚೇತರಿಸಿಕೊಂಡಳು. ಸ್ವಾರಸ್ಯವೆಂದರೆ 14ನೇ ಶತಮಾನದ ಸ್ಪ್ಯಾನಿಷ್ ಕಥಾಸಂಗ್ರಹ ‘ಎಲ್ ಕೊಂದೆ ಲುಕಾನೊರ್’ನಲ್ಲಿ ಹೆಚ್ಚುಕಡಿಮೆ ಇದೇ ಕಥೆ ಬರುತ್ತದೆ. ಅಲ್ಲಿನ ದೊರೆ ನಮ್ಮ ಮುತಮಿದನೇ, ಜಾಗ ಮಾತ್ರ ಕಾರ್ಡೊಬಾ. ಕಥೆಗಳಿಗೆ ಪಾಸ್‌ಪೋರ್ಟ್ ಬೇಡವಲ್ಲ!

1189ರಲ್ಲಿ ಪೋರ್ಚುಗಲ್ ದೊರೆ ಮೊದಲನೇ ಸಾಂಚೊ ಸಿಲ್ವೆಸ್ಸಿಗೆ ಮುತ್ತಿಗೆ ಹಾಕಿದ. ಜೆರುಸಲೇಮಿಗೆ ಧರ್ಮಯುದ್ಧಕ್ಕೆಂದು ಹಡಗಿನಲ್ಲಿ ಹೊರಟಿದ್ದ ಉತ್ತರ ಯುರೋಪಿನ ಯೋಧರು ದಾರಿಯಲ್ಲಿ ಅವನ ಜತೆ ಸೇರಿಕೊಂಡರು. ಕೋಟೆ ಬಿದ್ದದ್ದು ಕತ್ತಿಯಿಂದಲ್ಲ. ನೀರಿಗೆ ಇಳಿಯುವ ದಾರಿಯನ್ನು ಕಾಯುತ್ತಿದ್ದ ಬುರುಜನ್ನು ಮುತ್ತಿಗೆಯವರು ಹಿಡಿದರು. ಬಾಯಾರಿದ ನಗರ ಶರಣಾಯಿತು. ಆಮೇಲೆ ಊರನ್ನು ಲೂಟಿ ಮಾಡಲಾಯಿತು. ಎರಡೇ ವರ್ಷದಲ್ಲಿ ಅಲ್ಮೊಹಾದರು ಸಿಲ್ವೆಸ್ಸನ್ನು ಮರಳಿ ಪಡೆದರು. ಅವರ ಕಾಲದ ಸುಮಾರು 18 ಮೀಟರ್ ಆಳದ ಬಾವಿಯೊಂದು ಇಲ್ಲಿ ಉತ್ಖನನದಲ್ಲಿ ಸಿಕ್ಕಿದೆ. ಸುತ್ತಲೂ ಸುರುಳಿ ಮೆಟ್ಟಿಲಿರುವ ಆ ಬಾವಿಯನ್ನು ನಡುವಿಟ್ಟುಕೊಂಡೇ ಊರಿನ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ಕೊನೆಗೆ 1249ರಲ್ಲಿ ಮೂರನೇ ಅಫೊನ್ಸೊ ಫಾರೊ ಗೆದ್ದುಕೊಂಡಾಗ ಅಲ್ಗಾರ್ವೆ ಪೂರ್ತಿ ಪೋರ್ಚುಗಲ್ಲಿನ ಪಾಲಾಯಿತು. ನದಿಯಲ್ಲಿ ಹೂಳು ತುಂಬಿ ದೋಣಿಗಳು ಬರುವುದು ನಿಂತಮೇಲೆ ಸಿಲ್ವೆಸ್ ಕಳೆಗುಂದಿತು. 1577ರಲ್ಲಿ ಬಿಷಪ್ಪರ ಪೀಠವೂ ಫಾರೊಗೆ ಹೋಯಿತು. ಬಾರಕೂರು, ಬಸರೂರುಗಳ ಓಣಿಗಳಲ್ಲಿ ನಡೆದವರಿಗೆ ಇಂಥ ಊರಿನ ಮೌನ ಪರಿಚಿತ.

ಆಳಿದವರು ಹೋದರೂ ಅವರ ಮಾತು ಉಳಿಯಿತು. ಏತದ ಚಕ್ರಕ್ಕೆ ಪೋರ್ಚುಗೀಸರು ಹೇಳುವ ‘ನೋರಾ’, ಬಣ್ಣದ ಹೆಂಚುಗಳಿಗೆ ಹೇಳುವ ‘ಅಜುಲೆಜು’, ಎರಡೂ ಅರಬ್ಬಿ. ಇನ್ನು ಕಿತ್ತಳೆಯ ಕಥೆ ನಮ್ಮ ಹಿತ್ತಿಲಿನಿಂದಲೇ ಶುರುವಾಗುತ್ತದೆ. ಸಂಸ್ಕೃತದ ‘ನಾರಂಗ’ಕ್ಕೆ ಮೂಲ ದ್ರಾವಿಡ ಪದವೆಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಮಲಯಾಳಿಗಳು ನಿಂಬೆಗೆ ಇಂದಿಗೂ ‘ನಾರಙ್ಙ’ ಎನ್ನುತ್ತಾರೆ. ಅದು ಪರ್ಷಿಯನ್, ಅರಬ್ಬಿಗಳಲ್ಲಿ ‘ನಾರಂಜ್’ ಆಗಿ, ಪೋರ್ಚುಗೀಸಿನಲ್ಲಿ ‘ಲರಾಂಜ’ ಆಯಿತು. ಅರಬರು ತಂದದ್ದು ಹುಳಿ ಜಾತಿ. ಮುಂದೆ ಸಿಹಿ ಕಿತ್ತಳೆ ಪೋರ್ಚುಗೀಸ್ ವ್ಯಾಪಾರಿಗಳ ಮೂಲಕ ಹರಡಿದಾಗ ಅರಬರೇ ಅದಕ್ಕೆ ‘ಬುರ್ತುಕಾಲ್’ ಎಂದರು, ಪೋರ್ಚುಗಲ್ ಎಂದೇ ಅದರರ್ಥ. ಹೆಸರು ಕೊಟ್ಟವರು ಹೆಸರು ಪಡೆದುಕೊಂಡರು. ಈಗ ಸಿಲ್ವೆಸ್ ಸುತ್ತಮುತ್ತ ಎಲ್ಲಿ ನೋಡಿದರೂ ಕಿತ್ತಳೆ ತೋಟಗಳೇ.

ಲಾಗೊಸ್ ಬಂದರಿನ ಎರಡು ಮುಖ

ಶಾಲೆಯ ಪುಸ್ತಕಗಳಲ್ಲಿ ನಾವೆಲ್ಲ ಓದಿದ ಹೆಸರು ‘ನಾವಿಕ ಹೆನ್ರಿ’. ಸೇಂಟ್ ವಿನ್ಸೆಂಟ್ ಭೂಶಿರದ ಪಕ್ಕದ ಸಾಗ್ರೆಸ್ಸಿನಲ್ಲಿ ಈ ರಾಜಕುಮಾರ ನೌಕಾಯಾನದ ಶಾಲೆ ತೆರೆದು ಪಂಡಿತರನ್ನು ಕೂಡಿಹಾಕಿದ್ದನೆಂದು ಹೇಳುತ್ತಿದ್ದರು. ಅಂಥ ಶಾಲೆಯಿತ್ತೆಂಬುದಕ್ಕೆ ಆಧಾರಗಳಿಲ್ಲ ಎಂದು ಈಗಿನ ಇತಿಹಾಸಕಾರರು ಹೇಳುತ್ತಾರೆ. ನೆಲದ ಮೇಲೆ ಕಲ್ಲು ಜೋಡಿಸಿ ಮಾಡಿದ 43 ಮೀಟರ್ ಅಗಲದ ವೃತ್ತವೊಂದು ಅಲ್ಲಿ 1921ರಲ್ಲಿ ಬೆಳಕಿಗೆ ಬಂತು. ಅದು ದಿಕ್ಸೂಚಿಯೋ ನೆರಳು ಗಡಿಯಾರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ನಿಜವಾದ ಶಾಲೆ ಇದ್ದದ್ದು ಲಾಗೊಸ್ ಬಂದರಿನ ಮೀನುಗಾರರಲ್ಲಿ. ಈ ತೀರದಿಂದ ಆಫ್ರಿಕಾದ ಕರಾವಳಿಗುಂಟ ಕೆಳಗಿಳಿಯುವುದು ಸುಲಭ, ಉತ್ತರದ ಗಾಳಿ ತಾನೇ ನೂಕುತ್ತದೆ. ಮರಳಿ ಬರುವುದೇ ಕಷ್ಟ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಬಲ್ಲ ತ್ರಿಕೋನ ಹಾಯಿಯ ಹಗುರ ಹಡಗು ‘ಕ್ಯಾರವೆಲ್’ ಆ ಕಷ್ಟವನ್ನು ನಿವಾರಿಸಿತು. ಹೊಳೆಮುಖಗಳಲ್ಲಿ ಮೀನು ಹಿಡಿಯುತ್ತಿದ್ದ ದೋಣಿಯೇ ಬೆಳೆದು ಕ್ಯಾರವೆಲ್ ಆಯಿತು. 1434ರಲ್ಲಿ ಲಾಗೊಸ್ಸಿನ ಗಿಲ್ ಇಯಾನೆಸ್ ಬೊಜದೋರ್ ಭೂಶಿರವನ್ನು ದಾಟಿದ. ಅಲ್ಲಿಂದಾಚೆಗೆ ಹೋದವರು ಮರಳುವುದಿಲ್ಲ ಎಂಬ ನಂಬಿಕೆ ಮುರಿಯಿತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು, ವಾಪಸು ಹೋಗುವಾಗ ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ಹಡಗುಗಳನ್ನು ರಿಪೇರಿ ಮಾಡಿಕೊಂಡದ್ದರ ಹಿಂದೆ ಈ ಮೀನುಗಾರರ ಅನುಭವವಿದೆ.

ಇನ್ನೊಂದು ಮುಖ 1444ರ ಆಗಸ್ಟ್ 8ರಂದು ಕಾಣಿಸಿಕೊಂಡಿತು. ಅಂದು ಬೆಳಿಗ್ಗೆ ಲಾಗೊಸ್ಸಿನ ದಡದಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು ಇಳಿಸಿ, ಐದು ಪಾಲು ಮಾಡಿ ಹಂಚಲಾಯಿತು. ಕುದುರೆಯ ಮೇಲೆ ಕುಳಿತಿದ್ದ ರಾಜಕುಮಾರ ಹೆನ್ರಿಗೆ ಐದನೆಯ ಒಂದು ಪಾಲು, 46 ಜನ, ಸಂದಿತು. ಇದನ್ನು ಬರೆದಿಟ್ಟವನು ರಾಜಕುಮಾರನ ಗುಣಗಾನಕ್ಕೆಂದೇ ಕೂತಿದ್ದ ಚರಿತ್ರೆಕಾರ ಜುರಾರಾ. ಅವನಿಗೂ ಆ ದಿನ ಸಹಿಸಲಾಗಲಿಲ್ಲ. ತಾಯಂದಿರು ಮಕ್ಕಳನ್ನು ಅಪ್ಪಿ ನೆಲಕ್ಕೆ ಬಿದ್ದುಕೊಂಡದ್ದು, ಒಂದು ಪಾಲಿಗೆ ಸೇರಿಸಿದ ಮಗು ಇನ್ನೊಂದು ಪಾಲಿನಲ್ಲಿದ್ದ ತಂದೆಯತ್ತ ಓಡಿದ್ದು, ಎಲ್ಲವನ್ನೂ ಅವನು ದಾಖಲಿಸಿದ್ದಾನೆ. ಮರುಗಿ, ನಂತರ ಇದರಿಂದ ಅವರ ಆತ್ಮಗಳಿಗೆ ಉದ್ಧಾರ ಎಂದು ಸಮಾಧಾನ ಹೇಳಿಕೊಂಡಿದ್ದಾನೆ. ಈ ಸಮಾಧಾನ ಮುಂದೆ ನಾನೂರು ವರ್ಷ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಕೇಳಿಬಂತು.

ಪುಸ್ತಕದಲ್ಲಿದ್ದದ್ದು 2009ರಲ್ಲಿ ನೆಲದಿಂದಲೇ ಎದ್ದು ಬಂತು. ಹಳೆಯ ಕೋಟೆ ಗೋಡೆಯ ಹೊರಗೆ ಕಾರು ನಿಲ್ಲಿಸುವ ನೆಲಮಾಳಿಗೆಗಾಗಿ ಅಗೆಯುವಾಗ, ಊರಿನವರು ಕಸ ಸುರಿಯುತ್ತಿದ್ದ ಹಳೆಯ ತಿಪ್ಪೆಯಲ್ಲಿ 150ಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕವು. ಗಂಡಸರು, ಹೆಂಗಸರು, ಮಕ್ಕಳು. ಕೆಲವರ ಕೈಕಾಲು ಕಟ್ಟಿದ ಸ್ಥಿತಿಯಲ್ಲಿತ್ತು. ಇವರು ಆಫ್ರಿಕಾ ಮೂಲದವರೆಂದು ಪರೀಕ್ಷೆಗಳು ತೋರಿಸಿದವು. ಹಡಗಿನಿಂದ ಇಳಿದು ಹೆಚ್ಚು ದಿನ ಬದುಕದವರಿಗೆ ಊರು ಕೊಟ್ಟ ಜಾಗ ಅದು. ಎಲುಬುಗಳನ್ನು ಅಧ್ಯಯನಕ್ಕೆ ಒಯ್ದರು. ಕಾರುಗಳ ನೆಲಮಾಳಿಗೆ ಯೋಜನೆಯಂತೆ ಮುಗಿಯಿತು, ಮೇಲೆ ಪುಟ್ಟ ಗಾಲ್ಫ್ ಆಡುವ ತೋಟವಾಯಿತು. ಊರಿನ ಚೌಕದಲ್ಲಿ ‘ಗುಲಾಮರ ಸಂತೆ’ ಎಂಬ ಹೆಸರಿನ ಕಟ್ಟಡವೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಕಟ್ಟಡ 17ನೇ ಶತಮಾನದ ಕೊನೆಯದು. ಅದೇ ಚೌಕದಲ್ಲಿ ರಾಜಕುಮಾರ ಹೆನ್ರಿಯ ಪ್ರತಿಮೆ ಬಹಳ ಹಿಂದಿನಿಂದಲೂ ಇದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಪ್ರತಿಮೆ, ಹೆಲ್ಮೆಟ್ ಕೈಬಿಟ್ಟು ನಿಂತ ಹುಡುಗಮುಖದ ದೊರೆ ಸೆಬಾಸ್ಟಿಯನ್. ಶಿಲ್ಪಿ ಜೊವಾವ್ ಕುತಿಲೈರೊ 1973ರಲ್ಲಿ ಮಾಡಿದ್ದು. ಕನ್ನಡಿಗರು ಈ ದೊರೆಯನ್ನು ಗುರುತಿಸಲು ಕಾರಣವಿದೆ. 1568-69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳನ್ನು ಆಕ್ರಮಿಸಿ ಕೋಟೆ ಹಾಕಿದ್ದು, ಉಳ್ಳಾಲದ ಅಬ್ಬಕ್ಕ ಅವರಿಗೆ ಎದುರು ನಿಂತದ್ದು ಇವನ ಆಳ್ವಿಕೆಯಲ್ಲಿ. 1578ರಲ್ಲಿ ಮೊರಾಕ್ಕೊ ಗೆಲ್ಲಲು ಲಾಗೊಸ್ ಮಾರ್ಗವಾಗಿ ಹೋದ ದೊರೆ ಅಲ್ಕಾಸರ್ ಕಿಬೀರ್ ಕಾಳಗದಲ್ಲಿ ಮಡಿದ. ವಯಸ್ಸು 24, ಮಕ್ಕಳಿಲ್ಲ. ಎರಡು ವರ್ಷಗಳಲ್ಲಿ ಪೋರ್ಚುಗಲ್ ಸಿಂಹಾಸನ ಸ್ಪೇನಿನ ದೊರೆಗೆ ಹೋಯಿತು. ನಮಗೆ ಉಳಿದದ್ದು ಕೆಲವು ಕೋಟೆಗಳ ಪಳೆಯುಳಿಕೆ ಮತ್ತು ಮೇಜು, ಚಾವಿ, ಬಟಾಟೆ, ಅನಾನಸು, ಪಾದ್ರಿ ಮುಂತಾದ ಮಾತುಗಳು.

ಸುಟ್ಟದ್ದು, ಕುಸಿದದ್ದು, ಕಟ್ಟಿದ್ದು

ಪೋರ್ಚುಗಲ್ಲಿನಲ್ಲಿ ಅಚ್ಚಾದ ಮೊದಲ ಪುಸ್ತಕ ಪೋರ್ಚುಗೀಸಿನದಲ್ಲ, ಲ್ಯಾಟಿನ್ನಿನದೂ ಅಲ್ಲ. 1487ರಲ್ಲಿ ಫಾರೊದಲ್ಲಿ ಸಾಮ್ಯುಯೆಲ್ ಗಾಕೊನ್ ಎಂಬ ಯಹೂದಿ ಅಚ್ಚು ಹಾಕಿದ ಹೀಬ್ರೂ ಧರ್ಮಗ್ರಂಥ ಅದು. ಹತ್ತು ವರ್ಷಗಳಲ್ಲಿ ದೇಶದ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಲಾಯಿತು. 1596ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ದೊರೆಯ ನೌಕಾಪಡೆ ಫಾರೊವನ್ನು ಲೂಟಿ ಮಾಡಿ ಸುಟ್ಟಿತು, ಬಿಷಪ್ಪರ ಗ್ರಂಥಭಂಡಾರವನ್ನು ಹೊತ್ತೊಯ್ದಿತು. ಆ ಪುಸ್ತಕಗಳಲ್ಲಿ ಬಹಳಷ್ಟು ಇಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.

1755ರ ನವೆಂಬರ್ 1ರ ಭೂಕಂಪವನ್ನು ಲೋಕವೆಲ್ಲ ಲಿಸ್ಬನ್ ಭೂಕಂಪ ಎನ್ನುತ್ತದೆ. ಆದರೆ ಅದರ ಕೇಂದ್ರ ಇದ್ದದ್ದು ಸೇಂಟ್ ವಿನ್ಸೆಂಟ್ ಭೂಶಿರದ ನೈರುತ್ಯಕ್ಕೆ, ಕಡಲಿನೊಳಗೆ. ಹಿಂದೆಯೇ ಬಂದ ಸುನಾಮಿ ಲಾಗೊಸ್ಸನ್ನು ಹಾಳುಗೆಡವಿತು. ತೀರದ ಕೋಟೆಗಳು ಕುಸಿದವು. ಫಾರೊಗೆ ಮಾತ್ರ ಮುಂದಿದ್ದ ಮರಳ ದ್ವೀಪಗಳು ಅಲೆಯ ಏಟಿನಿಂದ ಸಾಕಷ್ಟು ರಕ್ಷಣೆ ಕೊಟ್ಟವು. ಮಂತ್ರಿ ಪೊಂಬಾಲ್ 1774ರಲ್ಲಿ ಗ್ವಾದಿಯಾನಾ ನದಿಯ ಮುಖದಲ್ಲಿ, ಸ್ಪೇನಿಗೆ ಕಾಣುವಂತೆ, ಚದುರಂಗದ ಹಾಸಿನಂತಹ ಹೊಸ ಪಟ್ಟಣ ಕಟ್ಟಿಸಲು ಆರಂಭಿಸಿ ಎರಡು ವರ್ಷದಲ್ಲಿ ಮುಗಿಸಿದ. ಅದೇ ವಿಲಾ ರಿಯಾಲ್ ದೆ ಸಾಂತೊ ಅಂತೊನಿಯೊ.

ಒಲ್ಯಾವ್ ಊರಿನ ಮೀನುಗಾರರದು ಇನ್ನೊಂದು ಬಗೆಯ ಸಾಹಸ. 1808ರಲ್ಲಿ ನೆಪೋಲಿಯನ್ನನ ಸೈನಿಕರ ವಿರುದ್ಧ ದಂಗೆಯೆದ್ದು ಅವರನ್ನು ಓಡಿಸಿದ ಈ ಜನ, ಆ ಸುದ್ದಿಯನ್ನು ಬ್ರೆಜಿಲಿಗೆ ಓಡಿಹೋಗಿದ್ದ ರಾಜಮನೆತನಕ್ಕೆ ಮುಟ್ಟಿಸಲು ಒಂದು ಮೀನು ದೋಣಿಯಲ್ಲೇ ಅಟ್ಲಾಂಟಿಕ್ ದಾಟಿದರು. ಚಪ್ಪಟೆ ತಾರಸಿಗಳ ಆ ಊರು ಇಂದಿಗೂ ಉತ್ತರ ಆಫ್ರಿಕಾದ ಪೇಟೆಯಂತೆ ಕಾಣುತ್ತದೆ.

ಮೀನು ಹೋಯಿತು, ಮಂದಿ ಬಂದರು

20ನೇ ಶತಮಾನದ ನಡುವಿನವರೆಗೆ ಅಲ್ಗಾರ್ವೆ ಬಡ ನಾಡು. ಫಾರೊಗೆ ರೈಲು ಬಂದದ್ದೇ 1889ರಲ್ಲಿ. ಗಂಡಸರು ಫ್ರಾನ್ಸಿಗೆ ಕೂಲಿಗೆ ಹೋಗುತ್ತಿದ್ದರು. ಇದ್ದ ಉದ್ಯಮ ಮೀನು. ಬೂತಾಯಿಯ ಬಂಧುವಾದ ಸಾರ್ಡೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಪೊರ್ತಿಮಾವ್, ಒಲ್ಯಾವ್ ತುಂಬ ಇದ್ದವು. ಮೀನು ಬಂತೆಂದು ಸೈರನ್ ಕೂಗಿದರೆ ಯಾವ ಹೊತ್ತಿಗೂ ಹೆಂಗಸರು ಕೆಲಸಕ್ಕೆ ಓಡಬೇಕಿತ್ತು. ಪೊರ್ತಿಮಾವಿನ ಅಂಥದೊಂದು ಕಾರ್ಖಾನೆ 2008ರಿಂದ ವಸ್ತುಸಂಗ್ರಹಾಲಯ. ಟ್ಯೂನಾ ಹಿಡಿಯುವ ಕ್ರಮ ಇನ್ನೂ ಹಳೆಯದು. ಮೊಟ್ಟೆಯಿಡಲು ಮೆಡಿಟರೇನಿಯನ್ನಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಮೀನಿನ ದಾರಿಗೆ ನೂರಾರು ಲಂಗರು ಬಿಟ್ಟು ಬಲೆಯ ಗೋಡೆ ಕಟ್ಟುತ್ತಿದ್ದರು. ಕೋಣೆಯಿಂದ ಕೋಣೆಗೆ ಸರಿಯುತ್ತ ಮೀನು ಕೊನೆಯ ಬಲೆಗೆ ಬೀಳುತ್ತಿತ್ತು. ವರ್ಷದಿಂದ ವರ್ಷಕ್ಕೆ ಮೀನು ಕಡಿಮೆಯಾಗಿ 1970ರ ದಶಕದ ಆರಂಭಕ್ಕೆ ತವೀರಾದ ಬಲೆಗಳು ನಿಂತವು.

ಅಷ್ಟರಲ್ಲಿ, 1965ರಲ್ಲಿ, ಫಾರೊದಲ್ಲಿ ವಿಮಾನ ನಿಲ್ದಾಣ ತೆರೆದಿತ್ತು. ಬಲೆ ಬಿಟ್ಟವರ ಮಕ್ಕಳು ಹೋಟೆಲು ಸೇರಿದರು. ಹಣ ಬಂತು, ರಸ್ತೆ ಬಂತು, ಅಲ್ಬುಫೈರಾದಂಥ ಮೀನುಗಾರ ಹಳ್ಳಿಯನ್ನು ಕಾಂಕ್ರೀಟು ನುಂಗಿತು. ಈಜುಕೊಳ, ಗಾಲ್ಫ್ ಹುಲ್ಲು, ಜತೆಗೆ ಬಾದಾಮಿ, ಅಂಜೂರಗಳ ಜಾಗದಲ್ಲಿ ನೀರು ಬೇಡುವ ಕಿತ್ತಳೆ ಮತ್ತು ಬೆಣ್ಣೆಹಣ್ಣಿನ ತೋಟಗಳು. 2024ರ ಆರಂಭದಲ್ಲಿ ಜಲಾಶಯಗಳು ತಳ ಕಂಡಾಗ ಸರ್ಕಾರ ಕೃಷಿಗೆ ಶೇ. 25, ಊರು ಮತ್ತು ಹೋಟೆಲುಗಳಿಗೆ ಶೇ. 15ರಷ್ಟು ನೀರು ಕಡಿತ ಘೋಷಿಸಿತು. ಕೆಲವು ತಿಂಗಳ ಬಳಿಕ ಮಳೆ ಬಿದ್ದು ಸಡಿಲಿಸಿತು. ಬೆಟ್ಟದ ಕಡೆ ಜನ ಖಾಲಿಯಾಗಿ ಕಾಡು ಒಣಗಿ ನಿಂತಿದೆ. 2018ರಲ್ಲಿ ಮೊಂಶೀಕ್ ಸುತ್ತಮುತ್ತ ಸುಮಾರು 27,000 ಹೆಕ್ಟೇರ್ ಸುಟ್ಟುಹೋಯಿತು. ಕಿತ್ತಳೆ ಬೆಳೆಗಾರನಿಗೆ ನೀರಿನ ಪಾಲು ಹೋಟೆಲಿನವನಿಗಿಂತ ಹೆಚ್ಚು ಕಡಿತವಾದದ್ದು ನ್ಯಾಯವೇ ಎಂಬ ವಾದ ಅಲ್ಲಿ ಜೋರಾಗಿ ನಡೆಯಿತು. ಗೋವಾ, ಮಲ್ಪೆ, ಗೋಕರ್ಣಗಳ ದಿಕ್ಕಿನಲ್ಲಿ ನೋಡುವವರು ಈ ವಾದವನ್ನು ಕಿವಿಗೊಟ್ಟು ಕೇಳುವುದು ಒಳ್ಳೆಯದು.

ಹೋಗುವವರು ಜುಲೈ, ಆಗಸ್ಟ್ ಬಿಟ್ಟು ಜನವರಿ ಕೊನೆ, ಫೆಬ್ರವರಿಗಳಲ್ಲಿ ಹೋಗಬೇಕು. ಆಗ ಬಾದಾಮಿ ಹೂವಿರುತ್ತದೆ, ಜನ ಇರುವುದಿಲ್ಲ. ತವೀರಾದ ಹತ್ತಿರ ಬಾರಿಲ್ ಎಂಬ ಕಡಲತೀರವಿದೆ. ಹಿಂದೆ ಟ್ಯೂನಾ ಬಲೆಗಳನ್ನು ಸಾಗಿಸುತ್ತಿದ್ದ ಪುಟ್ಟ ಹಳಿಯ ಮೇಲೆ ಈಗ ಪ್ರವಾಸಿಗರ ಆಟಿಕೆಯಂಥ ರೈಲು ಓಡುತ್ತದೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ಮರಳ ದಿಬ್ಬದ ಮೇಲೆ ತುಕ್ಕು ಹಿಡಿದ ನೂರಾರು ಲಂಗರುಗಳು ಸಾಲಾಗಿ ಕೊಕ್ಕೆ ಮೇಲೆ ಮಾಡಿ ನಿಂತಿವೆ. ಪಕ್ಕದಲ್ಲಿ ಮೀನುಗಾರರ ಹಳೆಯ ಸಾಲುಮನೆಗಳು, ಈಗ ಅಲ್ಲಿ ಕಾಫಿ ಸಿಗುತ್ತದೆ.